ಗೆರೆ ಬೀಳದ ಹಲಗೆ

ಮಾಸ್ತರರನ್ನು ತಯಾರು ಮಾಡುವ ಶಾಲೆಯೊಂದು ಆಳಂದದಲ್ಲಿ ಒಂದು ವರ್ಷದ ಮಟ್ಟಿಗೆ ಇತ್ತು ಎಂದರೆ ಈಗಿನವರು ನಂಬಲಿಕ್ಕಿಲ್ಲ. ಕಾಗದದ ಮೇಲೆ ಅದಕ್ಕೆ ಏನೋ ಉದ್ದನೆಯ ಹೆಸರಿತ್ತು. ಊರವರು ‘ಮಾಸ್ತರ ಸಾಲಿ’ ಎನ್ನುತ್ತಿದ್ದರು. ಅದರ ಕಿಟಕಿ, ಕಪಾಟು, ಮಣೆ, ಹಲಗೆ ಎಲ್ಲವೂ ನನ್ನ ಕೈಯವು. ಅದಕ್ಕೆ ಸರಕಾರದ ಮಂಜೂರಿ ಸಿಗದೆ ಹೋದದ್ದರಲ್ಲೂ ನನ್ನ ಕೈ ಇದೆ. ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಿದವನಲ್ಲ. ಹೇಳುವುದಕ್ಕಿಂತ ಬರೆದಿಡುವುದು ಸುಲಭ, ಎದುರಿಗೆ ಯಾರೂ ಕೂತಿರುವುದಿಲ್ಲ.

ನಮ್ಮೂರು ಕಿಣ್ಣಿ ಸುಲ್ತಾನ. ಬಡಿಗತನದ ಮನೆ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಅಪ್ಪನ ಬಲಗೈ ಮೇಲೆ ತೊಲೆ ಬಿತ್ತು. ಮರುದಿನದಿಂದ ಬಾಚಿ ನನ್ನ ಕೈಗೆ ಬಂತು, ಸಾಲಿ ಅಲ್ಲಿಗೆ ಮುಗಿಯಿತು. ಆ ಸಾಲಿಯಾದರೂ ಎಂಥದು, ಗುಡಿಯ ಕಟ್ಟೆ. ಮಾಸ್ತರರು ನೆಲದ ಮೇಲೆ ಮಣ್ಣು ಹರವಿ ಬೆರಳಿನಿಂದ ತಿದ್ದಿಸುತ್ತಿದ್ದರು. ಕರಿಹಲಗೆಯನ್ನು ದೂರದಿಂದ ಕಂಡಿದ್ದೆನೇ ಹೊರತು ಅದರ ಮೇಲೆ ಒಂದು ಅಕ್ಷರ ಬರೆದಿರಲಿಲ್ಲ. ಆದರೆ ಮೂವತ್ತು ತುಂಬುವುದರೊಳಗೆ, ನಾನು ಕೂಡಿಸಿದ ಕದವನ್ನು ಎರಡನೇ ಸಲ ಕೆತ್ತಬೇಕಾಗಿಲ್ಲ ಎಂಬ ಮಾತು ನರೋಣಾದ ತನಕ ಹೋಗಿತ್ತು. ಓದಿದವರ ಮುಂದೆ ತಲೆ ತಗ್ಗಿಸಿ ನಿಲ್ಲುವ ಸ್ವಭಾವ ನನ್ನದಾಗಿರಲಿಲ್ಲ. ಅವರಿಗೆ ಅಕ್ಷರ, ನನಗೆ ಕಟ್ಟಿಗೆ. ಎರಡರಲ್ಲೂ ಗೆರೆ ನೆಟ್ಟಗಿರಬೇಕು, ಅಷ್ಟೇ.

ನನಗೊಬ್ಬಳು ತಂಗಿ. ನನ್ನ ಸಾಲಿ ಬಿಡಿಸಿದ ಸಂಕಟಕ್ಕೋ ಏನೋ, ಅಪ್ಪ ಅವಳನ್ನು ಮಾತ್ರ ಹಟಹಿಡಿದು ಓದಿಸಿದ. ಕಾಗದದ ಚೂರು ಸಿಕ್ಕರೂ ಓದದೆ ಒಲೆಗೆ ಹಾಕುತ್ತಿರಲಿಲ್ಲ ಅವಳು. ಜೇವರ್ಗಿಗೆ ಮದುವೆ ಮಾಡಿ ಕೊಟ್ಟೆವು. ಬೀಗರು ಮೂಲದಲ್ಲಿ ಬಡಿಗರೇ, ಒಕ್ಕಲುತನಕ್ಕೆ ಹೊರಳಿದವರು. ಎರಡನೇ ವರ್ಷ ಅವಳ ಗಂಡ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಆಮೇಲೆ ಅವಳು ಆ ಮನೆಯಲ್ಲಿ ಹೊತ್ತು ಮೂಡುವ ಮೊದಲು ಬೀಸುಕಲ್ಲಿನ ಮುಂದೆ ಕೂತರೆ ಏಳುವುದು ಯಾವಾಗಲೋ.

ಆಳಂದದ ಹಳೆಯ ವಾಡೆಯೊಂದರಲ್ಲಿ ಮಾಸ್ತರ ಸಾಲಿ ತೆಗೆಯುವ ವಿಚಾರ ಮಾಡಿದವರು ಒಬ್ಬ ಹೆಡ್ ಮಾಸ್ತರರು. ಹಳ್ಳಿ ಹಳ್ಳಿಗೆ ಕನ್ನಡ ಕಲಿಸುವವರು ಬೇಕು, ಕಲಿಸುವವರಿಗೆ ಕಲಿಸುವುದು ಹೇಗೆಂದು ಮೊದಲು ಕಲಿಸಬೇಕು ಎಂದು ಅವರು ಕಂಡಕಂಡವರಿಗೆ ಹೇಳುತ್ತಿದ್ದರು. ಕಿಟಕಿ ಕೆಲಸಕ್ಕೆಂದು ನನ್ನನ್ನು ಕರೆಯಲು ಬಂದವರು ನಮ್ಮ ಅವ್ವನ ಬಾಯಲ್ಲಿ ತಂಗಿಯ ಸುದ್ದಿ ಕೇಳಿ ಎದ್ದು ನಿಂತರು.

‘ಮಿಸ್ತ್ರಿ, ಹೆಣ್ಣುಮಕ್ಕಳ ಸಾಲಿಗೆ ಕಲಸೋ ಹೆಣ್ಣುಮಗಳು ಸುತ್ತಿನ ಮೂರು ತಾಲೂಕಿನ್ಯಾಗ ಒಬ್ಬಾಕಿ ಇಲ್ಲ. ನಿಮ್ಮ ತಂಗಿನ್ನ ಕಳಸ್ರಿ. ಪರೀಕ್ಷಾ ಪಾಸಾಗಿ ಸರಕಾರದ ಸನದು ಸಿಕ್ತಂದ್ರ ಆಕಿ ತನ್ನ ಅನ್ನ ತಾ ಉಣ್ತಾಳ.’

ಮರುದಿನವೇ ನಾನು ಜೇವರ್ಗಿಗೆ ಹೊರಟೆ. ಕಾರಹುಣ್ಣಿಮೆ ಆಗಿ ನಾಲ್ಕು ದಿನವಾಗಿತ್ತು, ಎತ್ತುಗಳ ಕೊಂಬಿನ ಬಣ್ಣ ಇನ್ನೂ ಮಾಸಿರಲಿಲ್ಲ. ತಂಗಿಯ ಗಂಡನ ಅಣ್ಣ ಜಗಲಿಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ.

‘ಮಾಸ್ತರಗ ಸಾಲಿ ಕಲಸೋ ಸಾಲಿನೇನ್ರಿ ಬೀಗರ? ನಾಳಿ ಅತ್ತಿಗಿ ಅತ್ತಿತನ ಕಲಸೋ ಸಾಲಿನೂ ತಗೀತಾರ ತಡೀರಿ’ ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, ‘ನಿಮ್ಮ ತಂಗಿ ಈ ಮನಿ ಸೊಸಿ. ಇಲ್ಲಿ ಆಕಿಗಿ ಏನ್ ಕಡಿಮಿ ಆಗ್ಯದ?’ ಎಂದ.

‘ಕಡಿಮಿ ಏನಿಲ್ರಿ. ಒಂದು ವರ್ಷ ಕಳಸ್ರಿ. ಈ ಕಾರಹುಣ್ಣಿವಿಯಿಂದ ಆ ಕಾರಹುಣ್ಣಿವಿತನಕ. ಸನದು ಸಿಕ್ತು, ಆಕಿ ಹಾದಿ ಆಕಿಗೆ. ಸಿಗಲಿಲ್ಲ, ನಾನೇ ಕರಕೊಂಡು ಬಂದು ನಿಮ್ಮ ಹೊಸ್ತಿಲದಾಗ ಬಿಡ್ತೇನಿ. ಮತ್ತ ಆ ಮಾತು ತಗಿಯಾಂಗಿಲ್ಲ.’

‘ಮಾತು ಅಂದ್ರ ಮಾತು?’

‘ಬಡಿಗನ ಮಾತ್ರಿ. ಗೆರಿ ಹೊಡದ ಮ್ಯಾಲ ಗರಗಸ ಅಡ್ಡ ಹೋಗಂಗಿಲ್ಲ.’

ತಂಗಿ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ಭೀಮಾ ನದಿಯಲ್ಲಿ ಮೊಳಕಾಲುದ್ದ ನೀರು. ದಾಟುವಾಗ ಅವಳು ಸೀರೆಯ ನಿರಿಗೆ ಎತ್ತಿ ಹಿಡಿದು ನನಗಿಂತ ಮುಂದೆ ನಡೆದಳು. ಎಷ್ಟೋ ದಿನದ ಮೇಲೆ ಅವಳ ನಗು ಕಂಡೆ.

ಸಾಲಿಯಲ್ಲಿ ಹದಿಮೂರು ಜನ ಕಲಿಯುತ್ತಿದ್ದರು, ಹೆಣ್ಣುಮಗಳು ಇವಳೊಬ್ಬಳೇ. ವಾಡೆಯ ಮುಂದಿನ ಪಡಸಾಲೆಯಲ್ಲಿ ಓಣಿಯ ಮಕ್ಕಳಿಗೆ ಪುಕ್ಕಟೆ ಶಾಲೆ. ಮುಂಜಾನೆ ಈ ಹದಿಮೂರು ಜನ ಆ ಮಕ್ಕಳಿಗೆ ಸರದಿಯಂತೆ ಪಾಠ ಮಾಡುವುದು, ಹೆಡ್ ಮಾಸ್ತರರು ಹಿಂದೆ ಕೂತು ತಪ್ಪು ಬರೆದುಕೊಳ್ಳುವುದು, ಮಧ್ಯಾಹ್ನ ಆ ತಪ್ಪುಗಳ ಮೇಲೆ ಜಗಳ. ಬರೆಯಲು ಎರಡು ಹಲಗೆಗಳಿದ್ದವು. ಯಾವುದೋ ಸಾಮಾನಿನ ಪೆಟ್ಟಿಗೆ ಒಡೆದು ಮಾಡಿದವು, ಮಸಿ ಬಳಿದವು. ನಡುವೆ ಬೆರಳು ತೂರುವಷ್ಟು ಬಿರುಕು. ಸುಣ್ಣದ ಖಡುವಿನಿಂದ ಬರೆದು ಬರೆದು, ಒರೆಸಿ ಒರೆಸಿ ಬೂದಿ ಬಣ್ಣಕ್ಕೆ ಬಂದಿದ್ದವು. ಅವನ್ನು ನೋಡಿದಾಗಲೆಲ್ಲ ನನಗೆ ಮೈಮೇಲೆ ಹುಳು ಹರಿದ ಹಾಗಾಗುತ್ತಿತ್ತು.

ನಾನು ಮನೆ ಬಿಟ್ಟು ಅಲ್ಲೇ ಹಿತ್ತಲಲ್ಲಿ ಕೆಲಸದ ಮಣೆ ಹೂಡಿದೆ. ತಂಗಿಗೂ ಅವ್ವನಿಗೂ ಹತ್ತಿರದಲ್ಲೇ ಒಂದು ಕೋಣೆ. ಸಂಜೆ ನಾನು ರಂದಾ ಹೊಡೆದು ಹಲಗೆ ನುಣುಪು ಮಾಡುತ್ತಿದ್ದರೆ ತಂಗಿ ಎದುರು ನಿಂತು ಮರುದಿನದ ಪಾಠವನ್ನು ನನ್ನ ಮೇಲೆ ನಡೆಸುತ್ತಿದ್ದಳು.

‘ಕೈ ಕಟ್ಟಿ ಕೂಡಬೇಕು ಅಣ್ಣ.’

‘ಕೈ ಕಟ್ಟಿದ್ರ ರಂದಾ ಯಾರ್ ಹೊಡೀಬೇಕ ಬೇ?’

‘ಹಂಗಾದ್ರ ಬಾಯರೆ ಕಟ್ಟು.’

ಅವ್ವ ನಗುತ್ತಿದ್ದಳು. ಹಾಗೆ ನಗುನಗುತ್ತಲೇ ನಾನು ಅರ್ಧಕ್ಕೆ ಬಿಟ್ಟ ಕಾಗುಣಿತ, ಒತ್ತಕ್ಷರ, ಭಾಗಾಕಾರ ಎಲ್ಲ ಕಲಿತೆ. ಒಪ್ಪಿಕೊಳ್ಳಲಿಲ್ಲ ಮಾತ್ರ. ‘ಇದೆಲ್ಲಾ ನನಗ ಗೊತ್ತಿತ್ತು’ ಎನ್ನುತ್ತಿದ್ದೆ.

ಆ ಮಳೆಗಾಲದಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತೆಂದು ಸೋಲಾಪುರದ ಕಡೆಯಿಂದ ಸುದ್ದಿ ಬಂತು. ನಮ್ಮಲ್ಲಿ ನಿಜಾಮ ಸರಕಾರ ಹಾಗೇ ಇತ್ತು. ಜನ ಮೆಲ್ಲಗೆ ಮಾತಾಡತೊಡಗಿದರು. ಹೆಡ್ ಮಾಸ್ತರರು ಮಾತ್ರ ಮಂಜೂರಿಯ ಹೊರತು ಬೇರೆ ಮಾತೆತ್ತುತ್ತಿರಲಿಲ್ಲ. ಮಂಜೂರಿ ಇಲ್ಲದಿದ್ದರೆ ನಾವು ಕೊಡುವ ಸನದು ಮಸಾಲೆ ಕಟ್ಟುವ ಕಾಗದ ಎಂದು ಅವರು ಮೊದಲ ದಿನವೇ ಎಲ್ಲರಿಗೂ ಹೇಳಿಬಿಟ್ಟಿದ್ದರು. ಚಳಿಗಾಲ ಮುಗಿಯುವುದರೊಳಗೆ ಮಂಜೂರಿ ಸಿಕ್ಕರೆ ಬೇಸಿಗೆಯಲ್ಲಿ ಸರಕಾರಿ ಪರೀಕ್ಷೆ, ಕಾರಹುಣ್ಣಿಮೆಯ ಹೊತ್ತಿಗೆ ಸನದು. ನಾನು ಕೊಟ್ಟ ಮಾತೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಏನೇನು ಇರಬೇಕೆಂದು ಇಲಾಖೆಯಿಂದ ಉರ್ದುವಿನಲ್ಲಿ ಒಂದು ಕಾಗದ ಬಂತು. ಹೆಡ್ ಮಾಸ್ತರರು ಅದನ್ನು ಕನ್ನಡ ಮಾಡಿ ಓದಿ ಹೇಳಿದರು. ಬೆಳಕು ಮಕ್ಕಳ ಎಡಗಡೆಯಿಂದ ಬೀಳಬೇಕು, ಬರೆಯುವಾಗ ಕೈಯ ನೆರಳು ಅಕ್ಷರದ ಮೇಲೆ ಬೀಳಬಾರದು. ಇಂಥ ಮಾತು ನನಗೆ ಬಹಳ ಹಿಡಿಸಿತು. ಕಾಗದ ಬರೆದವನು ಯಾರೋ ಕೆಲಸ ಬಲ್ಲವನೇ ಅಂದುಕೊಂಡೆ. ಮೊಳದಗಲದ ಗೋಡೆ ಒಡೆದು ಎಡಕ್ಕೆ ಆರು ಕಿಟಕಿ ಕೂಡಿಸಿದೆ. ಕಲಿಯುವ ಮಾಸ್ತರರು ಸುಣ್ಣ ಬಳಿದರು, ತಮ್ಮ ಪಾಠದ ಟಿಪ್ಪಣಿಗಳಿಗೆ ಸೂಜಿ ಹಾಕಿ ಹೊಲಿದರು. ಒಬ್ಬ ಮುನಶಿ ಬಂದು ಹಾಜರಿ ಪುಸ್ತಕದಿಂದ ಹಿಡಿದು ನೀರಿನ ಕೊಡದವರೆಗೆ ಎಲ್ಲವನ್ನೂ ಉರ್ದುವಿನಲ್ಲಿ ಬರೆದು ಮಿಸಲು ಕಟ್ಟಿದ. ಮಿಸಲೆಂದರೆ ಕಾಗದಗಳ ಕಟ್ಟು, ನನ್ನ ಒಂದು ಗೇಣಿನಷ್ಟು ದಪ್ಪವಾಗಿತ್ತು. ಇತ್ತ ಮಕ್ಕಳು ಮಾತ್ರ ಕಡಿಮೆಯಾಗುತ್ತಿದ್ದರು. ದಂಗೆಗೆ ಹೆದರಿದ ಮನೆಗಳು ಒಂದೊಂದಾಗಿ ನಿಜಾಮ ಸರಕಾರದ ಗಡಿ ದಾಟಿ ಸೋಲಾಪುರದ ಕಡೆ ಹೋಗುತ್ತಿದ್ದವು. ಮುಂಜಾನೆ ಹೆಸರು ಕೂಗಿದರೆ ಉತ್ತರವಿರುತ್ತಿರಲಿಲ್ಲ. ‘ಎಲ್ಲಿ ಹೋದ್ನೋ?’ ಎಂದು ಕೇಳಿದರೆ ಪಕ್ಕದ ಹುಡುಗ ಸುಮ್ಮನೆ ಪಶ್ಚಿಮಕ್ಕೆ ಕೈ ತೋರಿಸುತ್ತಿದ್ದ.

ಹಾಗೆ ಹೋಗುವವರೊಬ್ಬರು ಅಫಜಲಪುರದಲ್ಲಿದ್ದರು. ದೊಡ್ಡ ವಾಡೆಯ ಯಜಮಾನರು, ಮುದುಕರು. ಸಾಲಿಗೆ ಏನಾದರೂ ಕೊಡಿ ಎಂದು ಹೆಡ್ ಮಾಸ್ತರರು ಬರೆದದ್ದಕ್ಕೆ, ಒಳಗಿನ ಕದಗಳನ್ನು ಬಿಚ್ಚಿಕೊಂಡು ಹೋಗಿ ಎಂದು ಹೇಳಿ ಕಳಿಸಿದರು. ಗಾಡಿ ಕಟ್ಟಿಕೊಂಡು ಹೋದೆ. ಅಂಥ ಸಾಗವಾನಿ ಈ ಕೈಗೆ ಮತ್ತೆ ಸಿಗಲಿಲ್ಲ. ಒಂದು ಗಂಟಿಲ್ಲ, ಒಂದು ಬಿರುಕಿಲ್ಲ.

‘ನಮ್ಮ ಮುತ್ಯಾ ಹಾಕಿಸಿದ್ದಪಾ’ ಎಂದರು ಮುದುಕರು. ‘ವರ್ಷಾ ದೀಪಾವಳಿಗೆ ಅಗಸಿ ಎಣ್ಣಿ ಕುಡಿಸೇವಿ. ಮನ್ಯಾಗಿನ ಮಕ್ಕಳಿಗಿ ತಪ್ಪಿರಬೇಕು, ಇದಕ ತಪ್ಪಿಲ್ಲ.’

ಬಿಚ್ಚುವಾಗ ಅವರು ನೋಡಲಾರದೆ ಒಳಗೆ ಹೋದರು. ನಾನು ಅವರ ದುಃಖ ನೋಡಲಿಲ್ಲ, ಕಟ್ಟಿಗೆ ನೋಡುತ್ತಿದ್ದೆ.

ಆ ಕದಗಳಿಂದ ನಾಲ್ಕು ಕರಿಹಲಗೆ ಮಾಡಿದೆ. ಒಂದು ತಿಂಗಳು ಹಿಡಿಯಿತು. ಕೂಡಿಸಿದ ಜಾಗ ಉಗುರಿಗೂ ಸಿಗಬಾರದು, ಹಾಗೆ. ದೀಪದ ಮಸಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಏಳು ಸಲ ಬಳಿದೆ. ಒಣಗಿದ ಮೇಲೆ ಹಳೆಯ ಪಂಚೆಯ ತುಂಡಿನಿಂದ ಉಜ್ಜಿದೆ, ಮತ್ತೆ ಉಜ್ಜಿದೆ. ಶ್ರೀಮಂತರ ಮನೆಯ ತಲಬಾಗಿಲನ್ನು ಹೇಗೆ ಹೊಳೆಯಿಸುತ್ತೇವೋ ಹಾಗೆ ಹೊಳೆಯಿಸಿದೆ. ಕೆಲಸ ಮುಗಿದಾಗ ಹಿತ್ತಲಿನ ಬೇವಿನ ಮರ ಅದರಲ್ಲಿ ಎಲೆ ಎಲೆಯಾಗಿ ಕಾಣುತ್ತಿತ್ತು. ಕಡಗಂಚಿಯ ಕಡೆಯ ಒಬ್ಬ ಕಲಿಯುವ ಮಾಸ್ತರ ಅದರ ಮುಂದೆ ನಿಂತು ರುಮಾಲು ಸರಿಪಡಿಸಿಕೊಂಡ. ‘ಮಿಸ್ತ್ರಿ, ಪಾಠ ಬಿಡ್ರಿ, ಇದರಾಗ ನೋಡಿ ಮೀಸಿ ಕತ್ತರಿಸ್ಕೋಬಹುದು’ ಎಂದ. ಎಲ್ಲರೂ ನಕ್ಕರು. ಅವನು ಹೇಳಿದ್ದೇನೆಂದು ಯಾರೂ ಯೋಚಿಸಲಿಲ್ಲ. ನನಗಂತೂ ಅದು ಹೊಗಳಿಕೆಯಾಗಿತ್ತು.

ನಮ್ಮಲ್ಲಿ ಒಂದು ರೂಢಿ. ಹೊಸ ಬಾಗಿಲು ಕೂಡಿಸಿದರೆ ಯಜಮಾನ ಪೂಜೆ ಮಾಡಿ ತೆರೆಯುವವರೆಗೆ ಅದಕ್ಕೆ ಅರಿವೆ ಹೊದಿಸಿಡುತ್ತೇವೆ. ಯಾರೂ ಮುಟ್ಟುವಂತಿಲ್ಲ. ನಾಲ್ಕೂ ಹಲಗೆಗಳಿಗೆ ಅರಿಷಿಣ ಕುಂಕುಮ ಹಚ್ಚಿ, ಬಿಳಿ ಅರಿವೆ ಹೊದಿಸಿ, ಇಲಾಖೆಯ ಸಾಹೇಬರು ಬರುವ ತನಕ ಇದರ ಮೇಲೆ ಒಂದು ಗೆರೆ ಬೀಳಕೂಡದು ಎಂದು ಸಾರಿದೆ. ಹೆಡ್ ಮಾಸ್ತರರು ಮಿಸಲಿನಲ್ಲಿ ಮುಳುಗಿದ್ದರು. ‘ಮಿಸ್ತ್ರಿ ಹೇಳಿದಂಗ ಮಾಡ್ರಿ’ ಎಂದುಬಿಟ್ಟರು. ಪಾಠಗಳು ಆ ಹರಕು ಹಲಗೆಗಳ ಮೇಲೆಯೇ ನಡೆದವು.

ಸಾಹೇಬರು ಬರುವ ಹಿಂದಿನ ದಿನ ಮಧ್ಯಾಹ್ನ ತಂಗಿ ಬಂದಳು. ಸಾಹೇಬರ ಮುಂದೆ ಪಾಠ ಮಾಡಲು ಹೆಡ್ ಮಾಸ್ತರರು ಆರಿಸಿದ್ದು ಅವಳನ್ನೇ.

‘ಅಣ್ಣ, ಒಂದು ಸಲ ಬರದು ನೋಡ್ತೇನಿ.’

‘ಬ್ಯಾಡ.’

‘ಮೂಲ್ಯಾಗ ಒಂದು ಗೆರಿ. ಕೈಗೆ ರೂಢಿ ಇರಲಿ ಅಂತ.’

‘ಮದಿವಿ ಸೀರಿ ಉಟಗೊಂಡು ಯಾರರೆ ಸಗಣಿ ಸಾರಸ್ತಾರೇನ ಬೇ? ನಾಳಿ ಸಾಹೇಬ್ರ ಮುಂದನ ಬರಿ. ಮೊದಲನೇ ಗೆರಿ ನಿಂದೇ ಇರಲಿ.’

‘ಬರಿಯೂದಕ್ಕೇ ಮಾಡೀಯಲ್ಲ ಅಣ್ಣ ಹಲಗಿ?’ ಎಂದಳು. ಖಡು ಅವಳ ಕೈಯಲ್ಲೇ ಇತ್ತು. ನಾನು ಅರಿವೆಯ ತುದಿ ಇನ್ನಷ್ಟು ಬಿಗಿಯಾಗಿ ಕಟ್ಟಿದೆ. ಅವಳು ಖಡುವನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ಸಂಕ್ರಾಂತಿ ಕಳೆದಿತ್ತು, ಚಳಿ ಇತ್ತು. ಮರುದಿನ ಮುಂಜಾನೆ ಸಾಹೇಬರಿಗೆ ಕೈಕಾಲು ತೊಳೆಯಲು ಬಿಸಿನೀರು, ಚಹಾ ಆಗಬೇಕಿತ್ತು. ಇಬ್ಬನಿ ಬಿದ್ದು ಕಟ್ಟಿಗೆ ಹೊಗೆಯಾಡುತ್ತಿತ್ತು. ಮದುವೆಮನೆಯಲ್ಲಿ ಹರಕು ಕೌದಿ ಹೊರಗೆ ಕಾಣಬಾರದು. ಆ ಎರಡು ಹಳೆಯ ಹಲಗೆಗಳನ್ನು ಎಲ್ಲಿ ಅಡಗಿಸಲಿ ಎಂದು ನಾನು ನಸುಕಿನಿಂದ ನೋಡುತ್ತಿದ್ದೆ. ಒಲೆ ಕಂಡಿತು. ಕೊಡಲಿಯಿಂದ ನಾಲ್ಕೇ ಏಟಿಗೆ ಸೀಳಿ ತುರುಕಿದೆ. ಛಲೋ ಉರಿದವು. ಪೀಡೆ ಹೋಯಿತೆಂದು ಕೈ ಝಾಡಿಸಿಕೊಂಡೆ.

ಸಾಹೇಬರು ತಾಲೀಮಾತ್ ಎಂಬ ಶಿಕ್ಷಣ ಇಲಾಖೆಯ ತನಿಖಾ ಅಧಿಕಾರಿ. ತೆಳ್ಳಗಿನ ಮನುಷ್ಯ, ಕಪ್ಪು ಶೇರವಾನಿ, ದಪ್ಪ ಕನ್ನಡಕ. ಜೇವರ್ಗಿಯ ಕಡೆ ಬಹಳ ವರ್ಷ ಇದ್ದವರಂತೆ, ಕನ್ನಡ ನಮ್ಮ ಹಾಗೆಯೇ ಆಡುತ್ತಿದ್ದರು. ಮಿಸಲನ್ನು ಹಾಳೆ ಹಾಳೆಯಾಗಿ ಓದಿದರು. ಎಲ್ಲಿಯೂ ಬೆರಳು ನಿಲ್ಲಲಿಲ್ಲ. ಕಿಟಕಿಗಳ ಕಡೆ ತಿರುಗಿ, ‘ಇದು ಯಾರ ಕೆಲಸ?’ ಎಂದು ಕೇಳಿದರು. ಹೆಡ್ ಮಾಸ್ತರರು ನನ್ನ ಕಡೆ ಕೈ ಮಾಡಿದರು. ‘ಮಾಷಾ ಅಲ್ಲಾ’ ಎಂದರು ಸಾಹೇಬರು. ಅಪ್ಪ ಇರಬೇಕಿತ್ತು ಎನಿಸಿತು.

ಪಾಠಕ್ಕೆ ಇಪ್ಪತ್ತು ಇಪ್ಪತ್ತೆರಡು ಮಕ್ಕಳನ್ನು ಕೂಡಿಸಿದ್ದೆವು. ತಂಗಿ ಬಂದು ನಿಂತು ಅರಿವೆ ತೆಗೆದಳು. ಎಡಗಡೆಯ ಆರೂ ಕಿಟಕಿಗಳ ಬಿಸಿಲು ಹಲಗೆಯ ಮೇಲೆ ಬಿತ್ತು. ‘ಅಬ್ಬಬ್ಬಾ’ ಎಂದಿತು ಒಂದು ಮಗು.

ಭೀಮಾ ನದಿಯ ಪಾಠ. ಪಶ್ಚಿಮದಿಂದ ಹೊಳೆ ಹೇಗೆ ಬರುತ್ತದೆ, ಅಫಜಲಪುರದ ಹತ್ತಿರ ಹೇಗೆ ಹಾಯುತ್ತದೆ, ಜೇವರ್ಗಿಯ ಕಡೆ ಹೇಗೆ ಹೋಗುತ್ತದೆ ಎಂದು ಬರೆದು ತೋರಿಸಬೇಕು. ಅವಳು ಖಡು ಇಟ್ಟು ಎಳೆದಳು. ಖಡು ಜಾರಿತು. ಮತ್ತೆ ಎಳೆದಳು, ಕೀರ್ ಎಂದಿತು, ಕೂದಲೆಳೆಯಂಥದೊಂದು ಗುರುತು ಬಿದ್ದು ಅಲ್ಲಿಗೇ ಅಳಿಯಿತು. ಒತ್ತಿ ಬರೆದಳು, ಖಡು ಮುರಿಯಿತು. ಸೆರಗಿನಿಂದ ಹಲಗೆ ತಿಕ್ಕಿದಳು, ಅದು ಇನ್ನೂ ಹೊಳೆಯಿತು.

‘ಅಕ್ಕೋರ, ಏನೂ ಕಾಣವಲ್ದು’ ಎಂದ ಬಲಗಡೆಯ ಒಬ್ಬ ಹುಡುಗ.

‘ಬರೇ ನಮ್ಮ ಮಾರಿ ಕಾಣಾಕತ್ಯಾವ್ರಿ’ ಎಂದಳು ಇನ್ನೊಬ್ಬಳು.

ಆಗ ತಿಳಿಯಿತು ನನಗೆ. ನೂರು ವರ್ಷ ಎಣ್ಣೆ ಕುಡಿದ ಕಟ್ಟಿಗೆ, ಮೇಲೆ ನಾನು ಕುಡಿಸಿದ ಏಳು ಕೈ ಎಣ್ಣೆ. ಅದು ಸುಣ್ಣವನ್ನು ಹೇಗೆ ಹಿಡಿದೀತು? ಕದಕ್ಕೆ ನೀರು ಹತ್ತಬಾರದೆಂದು ಎಣ್ಣೆ ಹಾಕುವ ನನಗೆ, ಬರೆಯುವ ಹಲಗೆಗೆ ಬರಹ ಹತ್ತಬೇಕೆಂಬುದು ಹೊಳೆದೇ ಇರಲಿಲ್ಲ.

ತಂಗಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಕ್ಕಳನ್ನು ಎಬ್ಬಿಸಿ ದುಂಡಗೆ ನಿಲ್ಲಿಸಿ, ತಾನು ಮೊಳಕಾಲೂರಿ ಕೂತು ನೆಲದ ಕಲ್ಲುಪರ್ಸಿಯ ಮೇಲೆ ಹೊಳೆ ಬರೆದಳು. ಒಂದು ಪರ್ಸಿಯಿಂದ ಇನ್ನೊಂದು ಪರ್ಸಿಗೆ ಹೊಳೆ ಹರಿಯಿತು. ‘ಇಲ್ಲಿ ನಿಂದ್ರು, ನೀ ಅಫಜಲಪುರ. ನೀ ಜೇವರ್ಗಿ. ಅಲ್ಲೇ ಹಿಂದ ಸರಿ, ಕಾಲು ತೊಯ್ತಾವ ನೋಡು.’ ಮಕ್ಕಳು ನಕ್ಕರು. ಸಾಹೇಬರು ಕುರ್ಚಿಯಿಂದ ಎದ್ದು ಬಂದು ಬಾಗಿ ನೋಡಿದರು. ಪಾಠ ಮುಗಿದಾಗ, ‘ಶಾಬಾಶ್ ಬೇಟಿ’ ಎಂದರು.

ಸಾಲಿ ಉಳಿಯಿತೆಂದುಕೊಂಡೆ.

ಆದರೆ ಅವರು ಅಲ್ಲಿಂದ ನೇರ ಹಲಗೆಯ ಹತ್ತಿರ ಹೋದರು. ಬೆರಳಿನಿಂದ ಮೂಲೆಯಿಂದ ಮೂಲೆಗೆ ಎಳೆದು ಬೆರಳ ತುದಿ ನೋಡಿಕೊಂಡರು. ಪಕ್ಕದ ಕೋಣೆಯ ಹಲಗೆಯ ಅರಿವೆಯನ್ನೂ ತೆಗೆಸಿದರು. ಹೀಗೆ ನಾಲ್ಕನ್ನೂ ನೋಡಿ, ಕನ್ನಡಕ ತೆಗೆದು ಒರೆಸುತ್ತ ಹೆಡ್ ಮಾಸ್ತರರನ್ನು ಕೇಳಿದರು:

‘ಆರು ಏಳು ತಿಂಗಳಿಂದ ದಿನಾ ಹಲಗಿ ಮ್ಯಾಲ ಪಾಠ ನಡದಾವ ಅಂತ ಮಿಸಲಿನ್ಯಾಗ ಬರದೀರಿ. ಇವುಗಳ ಮ್ಯಾಲ ಒಂದು ದಿನಾನೂ ಯಾರೂ ಬರದಿಲ್ಲ.’

‘ಹಳೇವು ಎರಡು ಇದ್ದವ್ರಿ ಸಾಹೇಬ್ರ. ಪಾಠ ಎಲ್ಲಾ ಅವುಗಳ ಮ್ಯಾಲೇ ಆಗ್ಯಾವ್ರಿ.’

‘ತರಸ್ರಿ.’

ಹೆಡ್ ಮಾಸ್ತರರು ನನ್ನ ಕಡೆ ತಿರುಗಿದರು. ‘ಮಿಸ್ತ್ರಿ, ಹಳೇ ಹಲಗಿ ಎಲ್ಲಿಟ್ಟಿ?’

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ‘ಸಾಹೇಬ್ರ ಬಿಸಿನೀರಿಗಿ ಹಚ್ಚೇನ್ರಿ’ ಎಂದೆ.

ಹಿಂದೆ ಯಾರೋ ಕಿಸಕ್ಕೆಂದು ತಡೆದುಕೊಂಡರು. ಸಾಹೇಬರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಅವರು ಹಿತ್ತಲಿಗೆ ಬಂದು ಒಲೆಯ ಮುಂದೆ ಕೂತು ಕೋಲಿನಿಂದ ಬೂದಿ ಕೆದಕಿದರು. ಏನೂ ಸಿಗಲಿಲ್ಲ. ಎದ್ದು ನಿಂತು, ‘ನೀವು ಸುಳ್ಳು ಹೇಳಾಕತ್ತಿಲ್ಲ ಅಂತ ನನಗ ಅನಸ್ತದ’ ಎಂದರು. ‘ಆದರ ನನಗ ಅನಸಿದ್ದು ಬರಿಯಾಕ ಬರಂಗಿಲ್ಲ. ಕಂಡದ್ದು ಬರೀಬೇಕು. ಮ್ಯಾಲಿನವರು ಕೇಳ್ತಾರ, ಮಾಸ್ತರ ಸಾಲಿ ಅಂತೀರಿ, ಬರಿಯೂ ಹಲಗಿ ಎಲ್ಲದ?’

ತಪಾಸಣೆಯ ದಿನಕ್ಕೆಂದು ಎಲ್ಲವನ್ನೂ ಹೊಸದಾಗಿ ಮಾಡಿಟ್ಟ ಹಾಗಿದೆ, ಪಾಠ ನಡೆದ ಗುರುತಿಲ್ಲ, ಮಕ್ಕಳೂ ಸಾಲದು. ಮಳೆಗಾಲ ಮುಗಿದ ಮೇಲೆ ಮತ್ತೆ ಅರ್ಜಿ ಹಾಕಬಹುದು. ಅವರು ಬರೆದದ್ದು ಇಷ್ಟೇ. ಹೆಡ್ ಮಾಸ್ತರರು ಅದನ್ನು ಓದಿ ಹೇಳುವಾಗ ‘ಮತ್ತೆ ಹಾಕಬಹುದು’ ಎಂಬ ಮಾತನ್ನು ಎರಡು ಸಲ ಓದಿದರು. ಮಳೆಗಾಲ ಮುಗಿಯುವುದೆಂದರೆ ಕಾರಹುಣ್ಣಿಮೆ ದಾಟಿ ನಾಲ್ಕು ತಿಂಗಳು. ಅದು ತಂಗಿಗೂ ಗೊತ್ತು, ನನಗೂ ಗೊತ್ತು.

ನನ್ನನ್ನು ಯಾರೂ ಏನೂ ಅನ್ನಲಿಲ್ಲ. ‘ಊಟ ಮಾಡು ಮಿಸ್ತ್ರಿ’ ಎಂದರು ಹೆಡ್ ಮಾಸ್ತರರು. ಅಂದು ಸಂಜೆ ತಂಗಿ ನೆಲದ ಮೇಲಿನ ಹೊಳೆಯನ್ನು ಹಸಿ ಅರಿವೆಯಿಂದ ಒರೆಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಹೇಳಿದ ಮಾತು ಇದು:

‘ನೀ ಗಟ್ಟಿಯಾಗಿ ಒತ್ತಿ ಬರದಿದ್ರ ಮೂಡ್ತಿತ್ತು.’

ಅವಳು ತಲೆ ಎತ್ತಲಿಲ್ಲ. ‘ಹೌದಣ್ಣ’ ಎಂದಳು.

ನರೋಣಾದಲ್ಲಿ ಒಬ್ಬ ವಯಸ್ಸಾದ ಮಾಸ್ತರರಿದ್ದರು. ಅವರ ಹತ್ತಿರ ಹೋಗಿ ಕೇಳಿದೆ. ಹಾಗೆ ಹೋಗಿ ಕೇಳಿದ್ದು ಜೀವನದಲ್ಲಿ ಅದೇ ಮೊದಲು. ‘ಎಣ್ಣಿ ತಗಿ, ಇದ್ದಲಿ ಅರದು ಗರಗದ ಸೊಪ್ಪಿನ ರಸದಾಗ ಹಚ್ಚು, ಹಲಗಿ ಒರಟ ಇರಬೇಕೋ ತಮ್ಮ’ ಎಂದರು. ಅಷ್ಟೇ ಮಾತು. ಇಟ್ಟಂಗಿ ಪುಡಿಯಿಂದ, ಗಾಜಿನ ಚೂರಿನಿಂದ ನನ್ನ ಹೊಳಪನ್ನೆಲ್ಲ ನಾನೇ ಕೆರೆದೆ. ಬೆರಳ ತುದಿಯ ಚರ್ಮ ಹೋಯಿತು. ಶಿವರಾತ್ರಿ ಕಳೆಯುವುದರೊಳಗೆ ನಾಲ್ಕೂ ಹಲಗೆ ಮಸುಕಾಗಿ, ಒರಟಾಗಿ ತಯಾರಾದವು. ಬರೆಯುವವರು ಬರಲಿಲ್ಲ. ಮಂಜೂರಿ ಇಲ್ಲದ ಮೇಲೆ ಕಲಿಯುವ ಮಾಸ್ತರರು ಒಬ್ಬೊಬ್ಬರಾಗಿ ಹಾಸಿಗೆ ಸುತ್ತಿದರು. ಯುಗಾದಿಯ ಹೊತ್ತಿಗೆ ಮಕ್ಕಳು ಒಂಬತ್ತೇ ಜನ. ಹೆಡ್ ಮಾಸ್ತರರು ಮನೆಯವರನ್ನು ಸೋಲಾಪುರಕ್ಕೆ ಬಿಟ್ಟು ಬರುತ್ತೇನೆಂದು ಹೋದರು. ಮಿಸಲನ್ನು ಅರಿವೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟು, ‘ಮಳಿ ಮುಗಿಯೂದರಾಗ ಬರ್ತೇನಿ’ ಎಂದರು.

ಕಾರಹುಣ್ಣಿಮೆ ಬಂತು. ಜೇವರ್ಗಿಯಿಂದ ಯಾರೂ ಹೇಳಿ ಕಳಿಸಲಿಲ್ಲ. ಹೇಳಿ ಕಳಿಸುವ ತನಕ ಕಾಯುವವನಲ್ಲ ನಾನು. ‘ಇನ್ನೊಂದು ನಾಕು ತಿಂಗಳ ಕೇಳೋ’ ಎಂದು ಅವ್ವ ಕಣ್ಣೀರು ಹಾಕಿದಳು. ಕೇಳಲಿಲ್ಲ. ಮತ್ತೆ ಆ ಮಾತು ತೆಗೆಯುವುದಿಲ್ಲವೆಂದು ಅವರ ಜಗಲಿಯ ಮುಂದೆ ಹೇಳಿ ಬಂದಿದ್ದೆ. ತಂಗಿ ತಾನಾಗಿಯೇ ಗಂಟು ಕಟ್ಟಿದಳು. ಹೊಳೆ ದಾಟುವಾಗ ಈ ಸಲ ಅವಳು ಹಿಂದೆ ಬಂದಳು. ತಿರುಗಿ ನೋಡಿದರೆ ಎಲ್ಲಿ ಮುಖ ಕಾಣುತ್ತದೋ ಎಂದು ನಾನು ನೀರು ನೋಡುತ್ತ ನಡೆದೆ.

ಆ ಮಳೆಗಾಲದ ಭಯವನ್ನು ಬರೆಯಲು ಹೋಗುವುದಿಲ್ಲ. ಭಾದ್ರಪದದಲ್ಲಿ ಹಿಂದುಸ್ತಾನದ ದಂಡು ಬಂತು, ನಿಜಾಮ ಸರಕಾರ ಹೋಯಿತು. ಆಳಂದದಲ್ಲಿ ಒಂದು ಕಡೆ ಸಕ್ಕರೆ ಹಂಚಿದರು, ಇನ್ನೊಂದು ಕಡೆ ಬಾಗಿಲು ಹಾಕಿಕೊಂಡು ಅತ್ತರು. ನಾನು ಮಾಸ್ತರ ಸಾಲಿಯ ಕಸ ಗುಡಿಸಿ, ಕಿಟಕಿ ತೆರೆದಿಟ್ಟು ಹೆಡ್ ಮಾಸ್ತರರ ದಾರಿ ನೋಡಿದೆ. ಅವರ ಕಾಗದ ಬಂತು. ಅಲ್ಲಿಯೇ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಮಕ್ಕಳು ಹೊಂದಿಕೊಂಡಿದ್ದಾರೆ, ಮಿಸ್ತ್ರಿ ಕ್ಷಮಿಸಬೇಕು. ಮಿಸಲನ್ನು ಬಗಲಲ್ಲಿಟ್ಟುಕೊಂಡು ಕಲಬುರ್ಗಿಗೆ ಹೋದೆ. ಹೊಸದಾಗಿ ಕೂತಿದ್ದ ಕಾರಕೂನ ಮಾತಿನಲ್ಲಿ ಒಳ್ಳೆಯವನೇ. ಎರಡು ಹಾಳೆ ತಿರುವಿ, ‘ಇದು ಹಳೇ ಸರಕಾರದ ಅರ್ಜಿರಿ, ಎಲ್ಲಾ ಹೊಸದಾಗಿ ಹಾಕಬೇಕು. ಸಾಲಿ ಯಾರ್ ನಡಸ್ತಾರ? ನೀವು ಯಾರು?’ ಎಂದ.

‘ಬಡಿಗ್ರಿ’ ಎಂದೆ.

ಅವನು ಮಿಸಲಿಗೆ ಮೆಲ್ಲಗೆ ದಾರ ಸುತ್ತಿ ಮರಳಿ ಕೊಟ್ಟ.

ದೀಪಾವಳಿಗೆ ಮುಂಚೆ ವಾಡೆಯವರು ಜಾಗ ತೆರವು ಮಾಡಿ ಎಂದರು. ಮೂರು ಹಲಗೆ ಅಲ್ಲಿಯೇ ಉಳಿದವು. ನಾಲ್ಕನೆಯದು, ಎಲ್ಲಕ್ಕಿಂತ ಚಿಕ್ಕದು, ಅದನ್ನು ಗಾಡಿಯಲ್ಲಿ ಹಾಕಿಕೊಂಡು ಜೇವರ್ಗಿಗೆ ಹೊರಟೆ. ಹೊಳೆ ತುಂಬಿತ್ತು. ಗಾಡಿಯನ್ನು ಈಚೆ ದಂಡೆಗೆ ಬಿಟ್ಟು ಹಲಗೆಯನ್ನು ಹರಿಗೋಲಿನಲ್ಲಿಟ್ಟು ದಾಟಿದೆ. ಸನದು ಇಲ್ಲದಿದ್ದರೇನು, ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಮನೆಯ ಮುಂದೆಯೇ ಹೇಳಿಕೊಡಲಿ. ಹಾಗೆಂದು ಬೀಗರಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಹೋದೆ.

ಅದೇ ಜಗಲಿ. ತಂಗಿಯ ಗಂಡನ ಅಣ್ಣ ಹಲಗೆಯನ್ನು ಬಡಿದು ನೋಡಿದ, ಅಂಚು ಸವರಿದ. ಅವನೂ ಬಡಿಗರ ಮನೆಯವನೇ ತಾನೇ.

‘ಛಲೋ ಸಾಗವಾನಿ ಅದಲ್ರಿ ಬೀಗರ. ದೇವರು ಬಂದಂಗ ಬಂದ್ರಿ ನೋಡ್ರಿ. ಹಗೇವಿನ ಬಾಯಿ ಮುಚ್ಚಳ ಗೆದ್ದಲ ಹಿಡದದ. ಈ ವರ್ಷದ ಜ್ವಾಳಾ ತುಂಬೂದ್ರಾಗ ಹೊಸಾದು ಆಗಬೇಕಿತ್ತು. ನಿಮ್ಮ ಕೈಲೇ ಕೊಯ್ದು ಕೂಡಿಸಿ ಹೋಗ್ರಿ.’

ಹಗೇವೆಂದರೆ ಅಂಗಳದ ನೆಲದೊಳಗಿನ ಧಾನ್ಯದ ಗುಂಡಿ. ತಂಗಿ ಆಗಷ್ಟೇ ಅಂಗಳ ಸಾರಿಸಿ ಕೈ ತೊಳೆಯದೆ ಬಾಗಿಲಲ್ಲಿ ನಿಂತಿದ್ದಳು. ಬಡವಾಗಿದ್ದಳು. ‘ಇದು ತಂಗಿಗಿ ತಂದೇನ್ರಿ’ ಎಂದು ನಾನು ಹೇಳಬೇಕು. ನಾಲಿಗೆಯ ಮೇಲೆ ಇತ್ತು ಮಾತು. ಹೇಳಿದರೆ ಅವನು ಕೇಳುತ್ತಾನೆ, ಹಲಗೆ ಯಾಕೆ, ಸನದು ಎಲ್ಲಿ. ಕೇಳಿಸಿಕೊಳ್ಳಲು ನನ್ನಿಂದಾಗುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಆ ಕ್ಷಣವನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಆ ಮನುಷ್ಯ ಕೆಟ್ಟವನಲ್ಲ. ಕೇಳಿದ್ದರೆ ಒಪ್ಪುತ್ತಿದ್ದನೇನೋ.

‘ಆಗಲಿ’ ಎಂದೆ.

ಹಗೇವಿನ ಬಾಯಿ ಅಳೆದೆ. ಚೀಲದಲ್ಲಿ ಗರಗಸವಿತ್ತು, ಅಳತೆಯ ಪಟ್ಟಿ ಇತ್ತು, ಗೆರೆ ಹೊಡೆಯಲು ಏನೂ ಇರಲಿಲ್ಲ. ಕರಿ ಹಲಗೆಯ ಮೇಲೆ ಇದ್ದಿಲು ಕಾಣುವುದಿಲ್ಲ. ಸುತ್ತ ನೋಡುತ್ತಿದ್ದೆ. ತಂಗಿ ಒಳಗೆ ಹೋಗಿ ಕೈ ತೊಳೆದು ಬಂದಳು. ಅವಳ ಕೈಯಲ್ಲಿ ಒಂದು ಅರಿವೆಯ ಗಂಟು, ಅದರೊಳಗೆ ಉಗುರುದ್ದದ ಖಡು. ಆಳಂದದ್ದು.

‘ಪಟ್ಟಿ ಹಿಡಿ ಅಣ್ಣ’ ಎಂದಳು.

ಹಿಡಿದೆ. ಅವಳು ಮೊಳಕಾಲೂರಿ ಕೂತು ಪಟ್ಟಿಯ ಗುಂಟ ಖಡು ಎಳೆದಳು. ಈ ತುದಿಯಿಂದ ಆ ತುದಿಗೆ, ಎಲ್ಲಿಯೂ ಕಡಿಯದೆ, ಬೆಳ್ಳಗೆ, ದಪ್ಪಗೆ ಗೆರೆ ಮೂಡಿತು. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿದಳು.

‘ಹಿಡೀತದಣ್ಣ’ ಎಂದಳು.

‘ಹ್ಞೂ.’

ಹಲಗೆ ಅಲುಗಾಡಬಾರದೆಂದು ಅವಳು ಒಂದು ತುದಿಯ ಮೇಲೆ ಕಾಲಿಟ್ಟು ನಿಂತಳು. ನಾನು ಕೊಯ್ಯತೊಡಗಿದೆ. ಗರಗಸ ಅಡ್ಡ ಹೋಗಲಿಲ್ಲ.